ಮೊನೆ ಮುರಿದ ಕತ್ತರಿ

ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲೇ ಕತ್ತರಿಗಳು ಸಿದ್ಧವಾಗಿರಬೇಕಿತ್ತು. ತಿರುಪ್ಪೂರಿನ ಆ ಬನಿಯನ್ ಕಂಪೆನಿಯಲ್ಲಿ ಅವನ್ನು ಹರಿತ ಮಾಡಿ ಕೊಡುವವಳೂ, ಸಂಜೆ ವಾಪಸು ಪಡೆದು ಬೀರುವಿಗೆ ಸೇರಿಸುವವಳೂ ನಾನು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಸಂದುಗೊಂದುಗಳಲ್ಲೆಲ್ಲ ಹೊರದೇಶಕ್ಕೆ ಹೋಗುವ ಬಟ್ಟೆಯ ಗಡಿಬಿಡಿ. ನಮ್ಮಲ್ಲಿ ಆ ಸಲ ಹೊಲಿಯುತ್ತಿದ್ದುದು ಹಸುಗೂಸುಗಳ ಜಬಲಾ. ತಿಳಿ ಹಳದಿ, ಬಿಳಿ, ತಿಳಿ ಹಸಿರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಅಂಗಿ, ಮೃದುವಾದ ಬಟ್ಟೆ.

ಕಟಿಂಗ್ ಮೇಜಿನವರಿಗೆ ದೊಡ್ಡ ಕತ್ತರಿಗಳಿದ್ದವು. ನನ್ನ ತಲೆನೋವೆಲ್ಲ ಚೆಕ್ಕಿಂಗ್ ಹೆಂಗಸರ ಚಿಕ್ಕ ಕತ್ತರಿಗಳದು. ಹೊಲಿಗೆ ಮುಗಿದ ಕಡೆ ಜೋತುಬಿದ್ದಿರುವ ನೂಲಿನ ಬಾಲಗಳನ್ನು, ನಮ್ಮ ಕಡೆ ಅದಕ್ಕೆ ಪಿಸಿರು ಎನ್ನುತ್ತಾರೆ, ಬಟ್ಟೆಗೆ ಗಾಯವಾಗದ ಹಾಗೆ ಬುಡದಲ್ಲೇ ತೆಗೆಯಬೇಕು. ಹಾಗಾಗಿ ಮೊನೆ ಸೂಜಿಯಷ್ಟು ಸಪೂರವಾಗಿರಬೇಕು.

ಸಾಣೆ ಹಿಡಿಯುವುದನ್ನು ಕಟಿಂಗ್ ಮಾಸ್ಟರು ನನಗೆ ಕಲಿಸಿದ್ದರು. ಅಲಗಿನ ಇಳಿಜಾರು ಮಗ್ಗುಲನ್ನು ಮಾತ್ರ ಕಲ್ಲಿಗೆ ಕೊಡಬೇಕು. ಒಂದಕ್ಕೊಂದು ತಾಗುವ ಒಳಮಗ್ಗುಲನ್ನು ಉಜ್ಜಿದರೆ ಕತ್ತರಿ ಕೆಟ್ಟಿತೆಂದೇ ಲೆಕ್ಕ. ಹಿಡಿಯ ಕಡೆಯಿಂದ ಮೊನೆಯವರೆಗೆ ಒಂದೇ ಎಳೆತ, ಎತ್ತಿ ಮತ್ತೆ ಮೊದಲಿಂದ. ಸಾಕಷ್ಟಾದಾಗ ಅಂಚಿನ ಆಚೆಗೆ ಉಕ್ಕಿನ ತೆಳು ಪೊರೆಯೊಂದು ಮಗುಚಿಕೊಂಡು ಉಗುರಿಗೆ ತಾಗುತ್ತದೆ. ಕತ್ತರಿಯನ್ನು ಮೆಲ್ಲಗೆ ಮುಚ್ಚಿದರೆ ಅದು ಉದುರುತ್ತದೆ. ಆಮೇಲೆ ತಿರುಪಿಗೆ ಒಂದು ಹನಿ ಮಿಷನ್ ಎಣ್ಣೆ. ಎಣ್ಣೆ ಹಾಕಿದ ಮೇಲೆ ಚೂರುಬಟ್ಟೆಯನ್ನು ಕತ್ತರಿಸುತ್ತ ಹೋಗಬೇಕು. ಇಲ್ಲದಿದ್ದರೆ ಬಿಳಿ ಜಬಲಾದ ಮೇಲೆ ಕಲೆ ಬೀಳುತ್ತದೆ. ಕೊನೆಗೆ ಒದ್ದೆ ಮಾಡಿದ ಹತ್ತಿಬಟ್ಟೆಯಲ್ಲಿ ಪರೀಕ್ಷೆ. ಮೊನೆಯವರೆಗೂ ಜಗಿಯದೆ ಕತ್ತರಿಸಿದರೆ ಸರಿ. ಪ್ರತಿ ಕತ್ತರಿಯ ಹಿಡಿಗೂ ಬಣ್ಣದಲ್ಲಿ ಒಂದು ಸಂಖ್ಯೆ ಬರೆದಿತ್ತು. ಯಾವ ಕತ್ತರಿ ಯಾರದೆಂದು ನನಗೆ ಸಂಖ್ಯೆ ನೋಡದೆಯೂ ಗೊತ್ತಾಗುತ್ತಿತ್ತು. ಒಬ್ಬಳ ಕೈ ಬೆವರಿಗೆ ಬೇಗ ತುಕ್ಕು ಹಿಡಿಯುತ್ತಿತ್ತು, ಇನ್ನೊಬ್ಬಳು ಗೊತ್ತಾಗದಂತೆ ರಟ್ಟು ಕತ್ತರಿಸಿ ಅಂಚು ಮೊಂಡು ಮಾಡಿ ತರುತ್ತಿದ್ದಳು.

ಚೆಕ್ಕಿಂಗ್ ಮೇಜಿನಲ್ಲಿ ನಮ್ಮ ಅತ್ತೆಯೂ ಇದ್ದರು. ನಮ್ಮ ತಂದೆಯ ದೊಡ್ಡಪ್ಪನ ಮಗಳು. ನೆಗಮವೆಂಬ ಊರಿನ ಹತ್ತಿರ ನಮ್ಮೆರಡೂ ಮನೆಯವರು ತಲೆತಲಾಂತರದಿಂದ ಸೀರೆ ನೇಯ್ದವರು. ಮದುವೆಯಾಗಿ ತಿರುಪ್ಪೂರಿಗೆ ಬಂದ ಅತ್ತೆಯೇ ನನ್ನನ್ನು ಈ ಕಂಪೆನಿಗೆ ಕರೆತಂದು ಸೇರಿಸಿದ್ದು. ಕೆಲಸದ ಕೋಣೆಯಲ್ಲಿ ಎಲ್ಲರ ಮಾತೂ ತಮಿಳು, ನಮ್ಮದೂ ತಮಿಳೇ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತ್ರ ನಾವಿಬ್ಬರೂ ತಮಿಳು ಬೆರೆತ ನಮ್ಮ ಮನೆಯ ಕನ್ನಡಕ್ಕೆ ಬರುತ್ತಿದ್ದೆವು.

ಅವತ್ತು ಸಂಜೆ ಹೆಂಗಸರು ಸಾಲಾಗಿ ಬಂದು ಕತ್ತರಿ ಕೊಡುತ್ತಿದ್ದರು. ಒಂದೊಂದನ್ನೂ ತೆರೆದು, ಬೆಳಕಿಗೆ ಹಿಡಿದು, ಒರೆಸಿ ಇಡುತ್ತಿದ್ದೆ. ಅತ್ತೆಯದನ್ನು ತೆರೆದಾಗ ಒಂದು ಅಲಗು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡಿತು. ಮೊನೆ ಇರಲಿಲ್ಲ. ಹೋಗಿದ್ದುದು ಅಕ್ಕಿಕಾಳಿನ ಅರ್ಧದಷ್ಟು. ಮುರಿದ ಜಾಗ ಓರೆಯಾಗಿತ್ತು, ಬೂದು ಬಣ್ಣಕ್ಕಿತ್ತು, ತುಕ್ಕಿನ ಸುಳಿವಿಲ್ಲ. ಅಂದರೆ ಆ ದಿನವೇ ಮುರಿದದ್ದು. ನೆಲಕ್ಕೆ ಬಿದ್ದಿದ್ದರೆ ಮೊನೆ ಸಾಮಾನ್ಯವಾಗಿ ಬಾಗುತ್ತದೆ. ಇದು ಯಾವುದಕ್ಕೋ ಚುಚ್ಚಿ ಪಕ್ಕಕ್ಕೆ ತಿರುಚಿದಾಗ ಮುರಿದ ಹಾಗಿತ್ತು.

ನಾನು ತಲೆಯೆತ್ತಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಬೆಳಗ್ಗೇನೆ ಅಂಗೇ ಇತ್ತು ಕಣ್ಣು," ಎಂದರು, ಕನ್ನಡದಲ್ಲಿ, ದನಿ ತಗ್ಗಿಸಿ. ಮುದ್ದಿಗೆ ಅವರು ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು.

ಬೆಳಿಗ್ಗೆ ನಾನೇ ಅದಕ್ಕೆ ಸಾಣೆ ಹಿಡಿದಿದ್ದೆ. ಒದ್ದೆ ಬಟ್ಟೆಯಲ್ಲಿ ಮೊನೆ ನೋಡಿ ಕೊಟ್ಟಿದ್ದೆ.

"ಬೀರುನಲ್ಲಿ ಪಳೇದು ಒಂದು ಐತಲ್ಲ," ಅತ್ತೆ ಇನ್ನಷ್ಟು ಹತ್ತಿರ ಬಂದರು. "ಅದಕ್ಕೆ ನನ್ನ ನಂಬರ್ ಬರ್ದು ಇದರ ಜಾಗದಲ್ಲಿ ವೆಚ್ಬಿಡು. ಯಾರಿಗೆ ತಿಳೀತದೆ? ಈ ವೇಲೆ ಹೋದ್ರೆ ನನ್ನ ಈ ವಯಸ್ನಲ್ಲಿ ಯಾರು ಕೆಲ್ಸಕ್ಕೆ ಸೇರ್ಸ್ಕೊತಾರೆ, ನೀನೇ ಸೊಲ್ಲು."

ಸಾಲಿನಲ್ಲಿ ಹಿಂದಿದ್ದವರಿಗೆ ನಮ್ಮ ಪಿಸುಮಾತು ಅರ್ಥವಾಗುತ್ತಿರಲಿಲ್ಲ. ಇಬ್ಬರೂ ಏನೋ ಮನೆಯ ವಿಷಯ ಮಾತಾಡುತ್ತಿದ್ದಾರೆಂದು ತಿಳಿದು ಸುಮ್ಮನೆ ಕಾಯುತ್ತಿದ್ದರು. ಹಳೆಯ ಕತ್ತರಿ ನಿಜವಾಗಿಯೂ ಬೀರುವಿನಲ್ಲಿತ್ತು. ಬಣ್ಣದ ಡಬ್ಬಿಯೂ ಕೈಗೆಟಕುವಲ್ಲೇ ಇತ್ತು. ಆಚೆ ಪ್ಯಾಕಿಂಗ್ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಸದ್ದು ಕೇಳುತ್ತಿತ್ತು. ಮರುದಿನ ಲಾರಿ ಬಂದು ಅವನ್ನು ತೂತ್ತುಕುಡಿ ಬಂದರಿಗೆ ಒಯ್ಯಬೇಕಿತ್ತು.

ಮುರಿದ ಚೂರು ಆ ಜಬಲಾಗಳಲ್ಲಿ ಸಿಕ್ಕಿಕೊಂಡಿದ್ದರೆ? ಆ ಸದ್ದು ಕೇಳುತ್ತಲೇ ನನಗೆ ಒಂದು ಕೂಸಿನ ಕುತ್ತಿಗೆ ಕಣ್ಮುಂದೆ ಬಂತು. ಯಾರದೆಂದಿಲ್ಲ, ಯಾವ ದೇಶದ್ದೆಂದೂ ಇಲ್ಲ. ಮಾತು ಬಾರದ ಕೂಸು ಯಾಕೆ ಅಳುತ್ತಿದೆಯೆಂದು ತಾಯಿಗೆ ಹೇಗೆ ಗೊತ್ತಾಗಬೇಕು? ಅತ್ತೆಗೆ ನಾನು ಏನನ್ನೂ ಹೇಳಲಿಲ್ಲ. ಕತ್ತರಿಯನ್ನು ಮೇಲಕ್ಕೆ ಹಿಡಿದು, ಬಾಗಿಲ ಬಳಿ ನಿಂತಿದ್ದ ಮ್ಯಾನೇಜರನ್ನು ಎಲ್ಲರೆದುರು ತಮಿಳಿನಲ್ಲಿ ಕರೆದೆ.

"ಸಾರ್, ಇದರ ಮೊನೆ ಮುರಿದಿದೆ. ಚೂರು ಎಲ್ಲಿದೆಯೋ ಗೊತ್ತಿಲ್ಲ."

ಮ್ಯಾನೇಜರು ಬಂದು ಕತ್ತರಿ ನೋಡಿದರು. ಸಂಖ್ಯೆ ನೋಡಿ ಅತ್ತೆಯ ಕಡೆ ತಿರುಗಿದರು. ಅತ್ತೆ ತಮಿಳಿನಲ್ಲೂ ಅದನ್ನೇ ಹೇಳಿದರು, ಬೆಳಿಗ್ಗೆಯೇ ಹಾಗಿತ್ತು ಎಂದು. ಮ್ಯಾನೇಜರು ನನ್ನ ಕಡೆ ತಿರುಗಿದರು.

"ಮೊನೆ ಇಷ್ಟು ಸಪೂರ ಮಾಡಿದ್ದು ಯಾರಮ್ಮ? ನೀನು ತಾನೆ? ಉಜ್ಜಿ ಉಜ್ಜಿ ತೆಗೆದರೆ ಮುರಿಯದೆ ಏನಾಗುತ್ತದೆ?"

ಸಪೂರ ಇಲ್ಲದಿದ್ದರೆ ಪಿಸಿರು ಉಳಿಯುತ್ತದೆಂದು ವಾರದ ಹಿಂದೆ ಬೈದಿದ್ದವರೂ ಅವರೇ. ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಮೊದಲು ನೆಲ ಗುಡಿಸಿದೆವು. ಮೇಜಿನ ಕೆಳಗೆ, ಯಂತ್ರಗಳ ಕಾಲಿನ ಸಂದಿಯಲ್ಲಿ, ಗೋಡೆಯಂಚಿನಲ್ಲಿ. ಎದುರಿನ ರೇಡಿಯೋ ರಿಪೇರಿ ಅಂಗಡಿಯಿಂದ ಕೆಟ್ಟ ಸ್ಪೀಕರಿನ ಅಯಸ್ಕಾಂತ ತಂದು ದಾರಕ್ಕೆ ಕಟ್ಟಿ ಹತ್ತಿಯ ಧೂಳಿನ ಮೇಲೆಲ್ಲ ಎಳೆದೆ. ಮುರಿದ ಸೂಜಿಗಳು ಬಂದವು, ಗುಂಡುಪಿನ್ನುಗಳು ಬಂದವು, ಯಾವುದೋ ಯಂತ್ರದ ಸ್ಕ್ರೂ ಬಂತು. ಒಂದೊಂದನ್ನೂ ಬಿಳಿ ಬಟ್ಟೆಯ ಮೇಲಿಟ್ಟು ನೋಡಿದೆ. ಮೊನೆ ಅದರಲ್ಲಿರಲಿಲ್ಲ.

ಮುದಲಾಳಿ ಬಂದರು. ನಮ್ಮ ಕಡೆ ಯಜಮಾನರನ್ನು ಕರೆಯುವುದು ಹಾಗೆಯೇ. ಗಟ್ಟಿ ದನಿಯ ಮನುಷ್ಯರಲ್ಲ. ಮುರಿದ ಕತ್ತರಿಯನ್ನು ತಿರುವಿ ನೋಡಿ, "ಕಸದ ಜೊತೆ ಆಚೆ ಹೋಗಿರುತ್ತದೆ," ಎಂದರು. ಹೇಳಿದ ಮೇಲೂ ಅವರು ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಮ್ಯಾನೇಜರಿಗೆ, "ಅವರ ಮೇಜಿನಿಂದ ಹೋದ ಮಾಲು ಯಾವ ಪೆಟ್ಟಿಗೆಗಳಲ್ಲಿದೆ ನೋಡಿ. ನಾಳೆ ಬೆಳಿಗ್ಗೆ ಬಿಚ್ಚಿ. ಲಾರಿ ಮಧ್ಯಾಹ್ನ ಹೊರಡಲೇಬೇಕು," ಎಂದರು.

ಮರುದಿನ ಪೆಟ್ಟಿಗೆಗಳನ್ನು ಬಿಚ್ಚಿದೆವು. ಅತ್ತೆಯನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದ್ದರು. ಚೆಕ್ಕಿಂಗ್ ಹೆಂಗಸರು ಮೇಜಿನ ಎರಡೂ ಕಡೆ ಕುಳಿತು, ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಜಬಲಾ ತೆಗೆದು, ಅಂಗೈಯಿಂದ ಒತ್ತಿ ಸವರಿ, ಮತ್ತೆ ಮಡಿಚಿ ಇಡುತ್ತಿದ್ದರು. ಕೆಲಸ ಸರಾಗವಾಗಿ ಸಾಗಿತ್ತು. ನೋಡಿದವುಗಳ ರಾಶಿ ಬೆಳೆಯುತ್ತ ಹೋಯಿತು. ಏನೂ ಸಿಗಲಿಲ್ಲ. ಮ್ಯಾನೇಜರ ಮುಖ ಸಡಿಲವಾಗತೊಡಗಿತು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಆ ಕೈಗಳ ಓಡಾಟ ನೋಡುತ್ತಿದ್ದರೆ, ಇಲ್ಲವೆಂದೇ ನಂಬಿ ಹುಡುಕುತ್ತಿದ್ದ ಹಾಗಿತ್ತು. ಅವರದೇನೂ ತಪ್ಪಿಲ್ಲ. ಏನನ್ನು ಹುಡುಕುತ್ತಿದ್ದೇವೆ, ಅದು ಬಟ್ಟೆಯೊಳಗೆ ಕೈಗೆ ಹೇಗೆ ಸಿಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಯಂತ್ರ ರಿಪೇರಿಯ ಮೆಕ್ಯಾನಿಕ್ ಇಲ್ಲದ ಹೊತ್ತು ಅವರ ಕೋಣೆಗೆ ಹೋದೆ. ಬೀರುವಿನಲ್ಲಿದ್ದ ಆ ಹಳೆಯ ಕತ್ತರಿಯ ಮೊನೆಯನ್ನು ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿ ಪಕ್ಕಕ್ಕೆ ಬಗ್ಗಿಸಿದೆ. ಟಕ್ಕೆಂದು ಮುರಿಯಿತು. ಬಣ್ಣ ತಪ್ಪಿ ತೆಗೆದಿಟ್ಟಿದ್ದ ಒಂದು ಜಬಲಾದ ಕುತ್ತಿಗೆಪಟ್ಟಿಯ ಹೊಲಿಗೆಯೊಳಗೆ ಆ ಚೂರನ್ನು ತೂರಿಸಿದೆ. ಒಳಮಗ್ಗುಲಿಗೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಇನ್ನೂ ನೋಡಬೇಕಾದ ರಾಶಿಯ ನಡುವೆ ಸೇರಿಸಿ, ಯಾರಿಗೂ ಹೇಳದೆ ನಿಂತುಕೊಂಡೆ.

ಅದು ಮೂರನೆಯ ಹೆಂಗಸಿನ ಕೈಗೆ ಬಂತು. ಅವಳು ಅಚ್ಚುಕಟ್ಟಿನ ಕೆಲಸಗಾರ್ತಿ. ಮುಂದೆ ಸವರಿದಳು, ಹಿಂದೆ ಸವರಿದಳು, ಕುತ್ತಿಗೆಯನ್ನೂ ಒತ್ತಿದಳು. ಮಡಿಚಿ, ನೋಡಿ ಮುಗಿಸಿದವುಗಳ ರಾಶಿಗೆ ಹಾಕಿದಳು.

ನಾನು ಹೋಗಿ ಅದನ್ನು ಎತ್ತಿಕೊಂಡು ಮ್ಯಾನೇಜರ ಮುಂದೆ ಹೊಲಿಗೆ ಬಿಚ್ಚಿ ಚೂರನ್ನು ಅವರ ಮೇಜಿನ ಮೇಲೆ ಉದುರಿಸಿದೆ. ಸಿಕ್ಕಿತೆಂದು ಅವರ ಮುಖ ಅರಳಿತು. ಇದು ನಾನೇ ಇಟ್ಟದ್ದು, ನೋಡಿದವರಿಗೆ ಸಿಗಲಿಲ್ಲ ಎಂದು ಹೇಳಿದ ಮೇಲೆ ಕಪ್ಪಿಟ್ಟಿತು.

"ಇರುವ ಒಂದು ಸಾಲದೆಂದು ಇನ್ನೊಂದನ್ನು ಒಳಗೆ ಹಾಕಿದೆಯಾ?" ಎಂದರು. "ಈಗ ಏನು ಮಾಡಬೇಕೆನ್ನುತ್ತೀ?"

"ನೋಡಿದ್ದನ್ನೆಲ್ಲ ಮತ್ತೆ ನೋಡಬೇಕು ಸಾರ್. ಬೇರೆ ಥರ ನೋಡಬೇಕು."

ಅವರು ಚೂರನ್ನು ಬೆರಳ ತುದಿಯಿಂದ ಮೇಜಿನ ಮೇಲೆ ಹೊರಳಿಸಿ ನೋಡಿದರು. ಆಮೇಲೆ ಎದ್ದು ಮುದಲಾಳಿಯ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಹೊರಗೆ ಬಂದು, "ಲಾರಿ ಕಾಯುತ್ತದೆ. ಹೇಗೆ ನೋಡಬೇಕೋ ನೀನೇ ತೋರಿಸಿಕೊಡು," ಎಂದಷ್ಟೇ ಹೇಳಿದರು.

ನಾನಿಟ್ಟ ಚೂರನ್ನೇ ಮತ್ತೆ ಮತ್ತೆ ಹೊಲಿಗೆಯೊಳಗೆ ತೂರಿಸಿ ಬೇರೆ ಬೇರೆ ಥರ ಹಿಡಿದು ನೋಡಿದೆವು. ಅಂಗೈಗೆ ಅದು ಗಂಟುಬಿದ್ದ ನೂಲಿನ ಹಾಗೆ ತಾಗುತ್ತಿತ್ತು. ಜಬಲಾವನ್ನು ಒಳಹೊರಗು ಮಾಡಿ, ಹೊಲಿಗೆಯನ್ನು ತೋರುಬೆರಳಿನ ಮೇಲೆ ಮಡಿಚಿ, ಹೆಬ್ಬೆರಳಿನ ಉಗುರಿನಿಂದ ಎಳೆದುಕೊಂಡು ಹೋದರೆ ಮಾತ್ರ ತಿಳಿಯುತ್ತಿತ್ತು. ಬಟ್ಟೆ ಬಾಗುತ್ತದೆ, ಉಕ್ಕು ಬಾಗುವುದಿಲ್ಲ. ಆ ಜಾಗದಲ್ಲಿ ಹೊಲಿಗೆ ಸೆಟೆದು ನಿಲ್ಲುತ್ತದೆ. ಪ್ರತಿಯೊಬ್ಬಳೂ ಕಣ್ಣುಮುಚ್ಚಿ ಅದನ್ನು ಪತ್ತೆಹಚ್ಚುವ ತನಕ ಕಲಿಸಿದೆ. ಆಮೇಲೆ ಚೂರನ್ನು ಕಾಗದದಲ್ಲಿ ಸುತ್ತಿ ಮ್ಯಾನೇಜರ ಕೈಗೇ ಕೊಟ್ಟೆ.

ಆದರೆ ಹೀಗೆ ನೋಡುತ್ತ ಕುಳಿತರೆ ಕೆಲಸ ಮುಗಿಯುವ ಹಾಗಿರಲಿಲ್ಲ. ಮಧ್ಯಾಹ್ನವಾಯಿತು. ಲಾರಿಯ ಡ್ರೈವರ್ ಎರಡು ಸಲ ಒಳಗೆ ಇಣುಕಿ ಹೋದ. ಹೆಂಗಸರ ಉಗುರಿನ ಬುಡ ಕೆಂಪಾಗಿತ್ತು. ಒಬ್ಬಳು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು.

ಅತ್ತೆ ಬೆಂಚಿನಿಂದ ಎದ್ದು ಒಳಗೆ ಬಂದದ್ದು ಆಗ. ಯಾರೂ ಕರೆದಿರಲಿಲ್ಲ. ಬಾಗಿಲಿನಿಂದಲೇ ಎಲ್ಲ ನೋಡುತ್ತಿದ್ದರೆಂದು ಕಾಣುತ್ತದೆ. ನೇರವಾಗಿ ನನ್ನ ಬಳಿ ಬಂದರು. ಈ ಸಲ ಕಣ್ಣು ಎನ್ನಲಿಲ್ಲ.

"ಲೇಬಲ್ ತಲೆಕೆಳಗು ವೆಚ್ಚು ಹೊಲ್ದಿದ್ರು," ಎಂದರು ಕನ್ನಡದಲ್ಲಿ. "ಹಳದೀದು, ಎಲ್ಲಕ್ಕಿಂತ ಚಿಕ್ಕ ಸೈಜು. ಬಿಚ್ಚೋಕೂ ಟೈಲರ್ ಹತ್ರ ಕೊಟ್ರೆ ಬೈತಾನೆ ಅಂತ ನಾನೇ ಕತ್ತರೀಲಿ ಬಿಚ್ಚಿ ಕೊಟ್ಟೆ, ಅವನು ತಿರುಗಿ ಹೊಲ್ದ. ಒಂದ್ ಕಟ್ಟು. ಬಿಚ್ತಾ ಇರೋವಾಗ ಟಕ್ ಅಂತು. ನೂಲು ಅಂತ ನೆನ್ಸಿದೆ."

ಚಿಕ್ಕ ಕತ್ತರಿಯಿಂದ ಹೊಲಿಗೆ ಬಿಚ್ಚಬಾರದೆಂದು ಕಟ್ಟುನಿಟ್ಟು ಇತ್ತು. ಅದಕ್ಕೇ ಅವರು ಬಾಯಿ ಬಿಟ್ಟಿರಲಿಲ್ಲ. ನಾನು ಅವರ ಮಾತನ್ನು ತಮಿಳಿನಲ್ಲಿ ಮ್ಯಾನೇಜರಿಗೆ ಹೇಳುತ್ತಿದ್ದಾಗ ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅವರೂ ತಮಿಳು ಬಲ್ಲವರೇ. ಆ ಮಾತನ್ನು ತಾವೇ ಹೇಳುವುದು ಅವರಿಂದ ಆಗಲಿಲ್ಲವೇನೋ.

ಹಳದಿಯ ಚಿಕ್ಕ ಅಳತೆಯದು ಒಂದೇ ಪೆಟ್ಟಿಗೆಯಲ್ಲಿತ್ತು. ಅತ್ತೆ ಕುಳಿತರು, ನಾನೂ ಕುಳಿತೆ. ಕುತ್ತಿಗೆಪಟ್ಟಿಯಲ್ಲಿ ಲೇಬಲ್ಲಿನ ಜಾಗವನ್ನೇ ಹಿಡಿದು ನೋಡುತ್ತ ಹೋದೆವು. ಸ್ವಲ್ಪ ಹೊತ್ತಿನಲ್ಲೇ ಅತ್ತೆಯ ಕೈ ನಿಂತಿತು. ಬೆರಳ ತುದಿಯಲ್ಲಿ ರಕ್ತದ ಒಂದು ಚುಕ್ಕೆ. ಲೇಬಲ್ಲಿನ ಹಿಂದೆ, ಎರಡು ಹೊಲಿಗೆಗಳ ನಡುವೆ, ಮೊನೆ ಮೇಲ್ಮುಖವಾಗಿ ಕೂತಿತ್ತು. ಯಾರೋ ಉಸಿರು ಬಿಟ್ಟರು. ಮ್ಯಾನೇಜರು ಕೈಮುಗಿದರು.

ನಾನು ಚೂರನ್ನು ಮುರಿದ ಕತ್ತರಿಗೆ ಸೇರಿಸಿ ಹಿಡಿದೆ. ಓರೆಯಾಗಿ ಮುರಿದ ಜಾಗ ಒಂದಕ್ಕೊಂದು ಹೊಂದಲಿಲ್ಲ. ಇನ್ನೊಂದು ಅಲಗಿನ ಪಕ್ಕ ಇಟ್ಟು ಅಳೆದೆ. ತುದಿಯ ಮೊನೆ ಸಿಕ್ಕಿತ್ತು, ಅದಕ್ಕೂ ಅಲಗಿಗೂ ನಡುವಿನ ಕಿರುಚೂರು ಇರಲಿಲ್ಲ. ಕತ್ತರಿ ಎರಡು ಸಲ ಮುರಿದಿತ್ತು.

ಕತ್ತರಿಯನ್ನೂ ಚೂರನ್ನೂ ಹಿಡಿದುಕೊಂಡೇ ಕುಳಿತಿದ್ದೆ. ಎಲ್ಲರೂ ಎದ್ದು ನಿಂತು ಸೀರೆ ಕೊಡವಿಕೊಳ್ಳುತ್ತಿದ್ದರು. ಕೊನೆಗೆ ಮುದಲಾಳಿಯೇ ನನ್ನ ಕೈಯಲ್ಲಿದ್ದುದನ್ನು ನೋಡಿ ಹತ್ತಿರ ಬಂದರು. ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಎರಡು ಸಲ ನೋಡಿದರು.

"ಇಷ್ಟು ಸಣ್ಣದು," ಎಂದರು ಮ್ಯಾನೇಜರು.

"ಕೂಸಿಗೆ ಸಣ್ಣದಲ್ಲ ಸಾರ್," ಎಂದೆ.

ಆ ಪೆಟ್ಟಿಗೆಯನ್ನು ಇನ್ನೊಮ್ಮೆ ಮೊದಲಿಂದ ನೋಡಿದೆವು. ಸಿಗಲಿಲ್ಲ. ಕಸದಲ್ಲಿ ಹೋಗಿರಬಹುದು, ಅದರೊಳಗೇ ಇರಬಹುದು. ಎರಡೂ ಸಾಧ್ಯವಿತ್ತು. ಮುದಲಾಳಿ ಕಿಟಕಿಯ ಬಳಿ ನಿಂತು ಲಾರಿಯನ್ನೇ ನೋಡುತ್ತಿದ್ದರು. ಪೆಟ್ಟಿಗೆ ಕಡಿಮೆಯಾದರೆ ಅದಕ್ಕೆ ಅವರು ಯಾರಿಗೆ ಏನು ಉತ್ತರ ಕೊಡಬೇಕಿತ್ತೋ ನಮಗೆ ಗೊತ್ತಿರಲಿಲ್ಲ. ಕೊನೆಗೆ, "ಹಳದಿ ಚಿಕ್ಕದು ಹೋಗುವುದು ಬೇಡ. ಬೇರೆಯದನ್ನೆಲ್ಲ ಏರಿಸಿ," ಎಂದು ಒಳಗೆ ಹೋದರು.

ಲಾರಿ ಸಂಜೆ ಹೊರಟಿತು. ಪೆಟ್ಟಿಗೆ ನನ್ನ ಮೇಜಿನ ಕೆಳಗೆ ಉಳಿಯಿತು.

ಅತ್ತೆಯನ್ನು ಕೆಲಸದಿಂದ ತೆಗೆಯಲಿಲ್ಲ. ಅವರು ಹೇಳದಿದ್ದರೆ ಸಿಗುತ್ತಲೇ ಇರಲಿಲ್ಲವೆಂದು ನಾನು ಮ್ಯಾನೇಜರ ಬಳಿ ಹೋಗಿ ಹೇಳಿದ್ದೆ. ಇಸ್ತ್ರಿಯ ಕಡೆ ಕಳಿಸುತ್ತೇವೆ, ಕತ್ತರಿ ಮಾತ್ರ ಕೊಡುವುದಿಲ್ಲ ಎಂದರು. ಅತ್ತೆ ಒಂದು ವಾರ ಇಸ್ತ್ರಿ ಮೇಜಿನಲ್ಲಿ ನಿಂತರು. ಬಿಸಿ ಹಬೆಗೆ ಮುಖ ಕೆಂಪಾಗಿರುತ್ತಿತ್ತು. ಮಧ್ಯಾಹ್ನ ಬುತ್ತಿ ಹಿಡಿದು ಬೇರೆಯವರ ಜೊತೆ ಹೋಗಿ ಕುಳಿತುಕೊಳ್ಳುತ್ತಿದ್ದರು. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಿದ್ದರು. ವಾರ ಕಳೆದ ಮೇಲೆ ಬರಲಿಲ್ಲ. ಇನ್ನೊಂದು ಕಂಪೆನಿಯಲ್ಲಿ ಬಟ್ಟೆ ಮಡಿಚುವ ಕೆಲಸಕ್ಕೆ ಸೇರಿಕೊಂಡರೆಂದು ಬೇರೆ ಯಾರೋ ಹೇಳಿದರು.

ಕಂಪೆನಿಯಲ್ಲಿ ನಾನು ಕೆಲವು ಬದಲಾವಣೆ ಮಾಡಿದೆ. ಮೊನೆಯನ್ನು ಸೂಜಿಯಷ್ಟು ತೆಳ್ಳಗೆ ಮಾಡುವುದನ್ನು ಬಿಟ್ಟು ಕೂದಲೆಳೆಯಷ್ಟು ದುಂಡಗೆ ಉಳಿಸಿದೆ. ಪಿಸಿರು ತೆಗೆಯಲು ಅಂಚು ಹರಿತವಿದ್ದರೆ ಸಾಕಿತ್ತು. ಪ್ರತಿ ಮೇಜಿಗೂ ಹೊಲಿಗೆ ಬಿಚ್ಚುವ ಸಾಧನವೊಂದನ್ನು ದಾರ ಕಟ್ಟಿ ಇಟ್ಟೆ. ಮಧ್ಯಾಹ್ನದ ಊಟಕ್ಕೆ ಏಳುವಾಗಲೂ ಕತ್ತರಿಗಳನ್ನು ತೆರೆದು ನೋಡುವುದು ಶುರುವಾಯಿತು. ಇದೆಲ್ಲ ಆದ ಮೇಲೂ ಸಂಜೆ ಸಾಲಿನಲ್ಲಿ ಒಂದೊಂದು ಕತ್ತರಿಯನ್ನೂ ಎರಡೆರಡು ಸಲ ತೆರೆದು ನೋಡುತ್ತಿದ್ದೆ. ಮಾಡಿದ್ದು ಸರಿ ಎಂದು ಒಂದು ದಿನ ಅನ್ನಿಸುತ್ತಿತ್ತು. ಒಂದು ಕಿರುಚೂರಿಗಾಗಿ ನಮ್ಮವರನ್ನೇ ಕಳೆದುಕೊಂಡೆನಲ್ಲ, ಅದು ಕಸದಲ್ಲೇ ಹೋಗಿದ್ದರೆ, ಎಂದು ಇನ್ನೊಂದು ದಿನ.

ಹಲವು ತಿಂಗಳು ಕಳೆದ ಮೇಲೆ ಜಾಗ ಸಾಲದೆ ಮ್ಯಾನೇಜರು ಆ ಪೆಟ್ಟಿಗೆಯನ್ನು ತೆಗೆಯಲು ಹೇಳಿದರು. ಯಾರಿಗೂ ಕೊಡಬಾರದು, ಕತ್ತರಿ ಒರೆಸಲು ಚೂರು ಮಾಡಿಕೋ ಎಂದರು. ಸಾಣೆ ಹಿಡಿದು ಆಗಷ್ಟೇ ಮುಗಿಸಿದ್ದ ದೊಡ್ಡ ಕತ್ತರಿ ಕೈಯಲ್ಲಿತ್ತು. ಜಬಲಾಗಳನ್ನು ಒಂದರ ಮೇಲೊಂದಿಟ್ಟು ಕತ್ತರಿಸುತ್ತ ಕುಳಿತೆ. ಹರಿತ ಕತ್ತರಿ ಬನಿಯನ್ ಬಟ್ಟೆಯಲ್ಲಿ ಹೋಗುವಾಗ ಕೈಗೆ ಏನೂ ಗೊತ್ತಾಗುವುದಿಲ್ಲ. ಹಾಗೆ ಹೋಗುತ್ತಿದ್ದುದು ಒಂದು ಕಡೆ ಕಚಕ್ಕೆಂದು ತಡೆದು ನಿಂತಿತು.

ಅಲಗನ್ನು ತೆರೆದು ಉಗುರಿನಿಂದ ಸವರಿದೆ. ನಡುವೆ ಅಂಚು ಮುಕ್ಕಾಗಿತ್ತು. ಬಟ್ಟೆಯನ್ನು ಬಿಡಿಸಿ ನೋಡಿದೆ. ಭುಜದಲ್ಲಿ ಹೊಲಿಗೆ ಎರಡು ಪದರವಾಗಿ ದಪ್ಪಗಿರುವ ಕಡೆ, ನಮ್ಮೆಲ್ಲರ ಉಗುರು ತಪ್ಪಿಸಿಕೊಂಡು, ಸಾಸಿವೆಯಷ್ಟು ಉಕ್ಕು.

ಮ್ಯಾನೇಜರ ಮೇಜಿನಲ್ಲಿ ಮೊನೆಯ ಜೊತೆ ತೆಗೆದಿಟ್ಟಿದ್ದ ಮುರಿದ ಕತ್ತರಿಗೆ ಎರಡೂ ಚೂರು ಸೇರಿಸಿ ಹಿಡಿದೆವು. ಸರಿಯಾಗಿ ಕೂತಿತು. ಮ್ಯಾನೇಜರು ಒಂದು ಲೋಟ ನೀರು ಕುಡಿದರು.

ಆ ಭಾನುವಾರ ಅತ್ತೆಯ ಮನೆಗೆ ಹೋದೆ. ಅತ್ತೆ ಬಾಗಿಲು ತೆರೆದು, ಬಾ ಎನ್ನದೆ, ಒಳಗೆ ಸರಿದು ದಾರಿ ಬಿಟ್ಟರು. ನಾನು ನೆಲದ ಮೇಲೆ ಕುಳಿತು ವಿಷಯ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

"ಅದ್ರೊಳಗೇ ಇತ್ತಾ?"

"ಇತ್ತು ಅತ್ತೆ. ಭುಜದ ಹೊಲಿಗೇಲಿ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಎದ್ದು ಒಲೆಯ ಕಡೆ ಹೋದರು. "ಉಂಡ್ಕೊಂಡು ಹೋಗು," ಎಂದರು ಅಲ್ಲಿಂದಲೇ, ಕನ್ನಡದಲ್ಲಿ.

ತಟ್ಟೆಗೆ ಅನ್ನ ಬಡಿಸುತ್ತ ಬಗ್ಗಿದವರು ಹಾಗೆಯೇ ನಿಂತರು.

"ನೀ ಸೊಲ್ಲಿದ್ದು ತಪ್ಪಿಲ್ಲ. ನಂಗೂ ತಿಳೀತದೆ," ಎಂದರು. "ಆದ್ರೆ ಮ್ಯಾನೇಜರ್ನ ಕೂಗೋಕೆ ಮುಂಚೆ ನನ್ನ ಮೊಖ ನೋಡಿ ಒಂದ್ ಮಾತು, ಅತ್ತೆ, ಇದನ್ನ ನಾ ಅವರತ್ರ ಸೊಲ್ತೀನಿ ಅಂತ, ಅಷ್ಟು ಅನ್ನಬಹುದಿತ್ತು."

ಅವರು ಸಾರು ಹಾಕಿದರು. ನಾನು ಊಟ ಮಾಡಿದೆ.